ಮಡಿಯಲ್ಲಿ ನುಂಗಿದ ಮಾತ್ರೆ

ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ. ಪುಸ್ತಕದ ಮುಂದೆ ಕೂತರೆ ತೂಕಡಿಕೆ, ಒಲೆಯ ಮುಂದೆ ಕೂತರೆ ಎಚ್ಚರ. ಅಷ್ಟೇ ಕಾರಣ. ಚನ್ನರಾಯಪಟ್ಟಣದಲ್ಲಿದ್ದ ನಮ್ಮ ಚಿಕ್ಕಪ್ಪ ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದರು. ಅವರ ಹಿಂದೆ ಹೋದವನು ಮೊದಲು ಕಾಯಿ ತುರಿದೆ, ಆಮೇಲೆ ಅನ್ನ ಬಸಿದೆ, ಬೈಸಿಕೊಳ್ಳುತ್ತ ಬೈಸಿಕೊಳ್ಳುತ್ತ ಹುಳಿಯ ಹದ ಕಲಿತೆ. ಮೀಸೆ ಗಟ್ಟಿಯಾಗುವ ಹೊತ್ತಿಗೆ ಹೊಳೆನರಸೀಪುರದಲ್ಲಿ ನನ್ನದೇ ಒಂದು ತಂಡ ಆಗಿತ್ತು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯಿಂದ ಮನೆಗೆ ಬಂದು ಕರೆಯುತ್ತಿದ್ದರು. ನಾನಾಗಿ ಯಾರ ಬಾಗಿಲಿಗೂ ಹೋಗಿ ಕೆಲಸ ಕೇಳಿದವನಲ್ಲ.

ನನ್ನನ್ನು ಕರೆಯುತ್ತಿದ್ದದ್ದು ಮಡಿ ಅಡುಗೆಗೆ. ಆಗ ನಮ್ಮ ಕಡೆಯ ಮದುವೆ ಮನೆಗಳಲ್ಲಿ ಎರಡು ಒಲೆ ಉರಿಯುತ್ತಿದ್ದವು. ಹೊರಗೆ, ಚಪ್ಪರದ ಹಿಂದೆ, ಬಂದ ಜನಕ್ಕೆಲ್ಲ ಬಡಿಸುವ ದೊಡ್ಡ ಅಡುಗೆ. ಒಳಗೆ, ದೇವರ ನೈವೇದ್ಯಕ್ಕೆ, ಪುರೋಹಿತರಿಗೆ, ಮಡಿ ಹಿಡಿದ ಹಿರಿಯರಿಗೆ ಬೇರೆ ಅಡುಗೆ. ಒಳಗಿನ ಒಲೆ ಹಚ್ಚುವವನು ಬೆಳಗಿಗೆ ಮುಂಚೆ ತಣ್ಣೀರು ಹೊಯ್ದುಕೊಳ್ಳಬೇಕು. ಯಾರ ಕೈಯೂ ತಾಕದ ಹಾಗೆ ಎತ್ತರದ ಕೋಲಿನ ಮೇಲೆ ಒಣಗಿಸಿದ ಪಂಚೆ ಉಡಬೇಕು. ಚಳಿಗಾಲದಲ್ಲಿ ಅದು ಒಣಗಿರದಿದ್ದರೆ ಒದ್ದೆಯದನ್ನೇ ಉಡಬೇಕು. ನೈವೇದ್ಯ ಆಗುವ ತನಕ ಒಂದು ಗುಟುಕು ಕಾಫಿ ಇಲ್ಲ, ಒಂದು ತುತ್ತು ಅನ್ನ ಇಲ್ಲ. ಮಾಡಿದ ಅಡುಗೆಯ ರುಚಿಯನ್ನೂ ನೋಡುವ ಹಾಗಿಲ್ಲ. ದೇವರಿಗಿಂತ ಮುಂಚೆ ನಾಲಿಗೆಗೆ ತಾಕಿಸಿದರೆ ಅದು ಎಂಜಲು. ಉಪ್ಪು ಹುಳಿ ಖಾರ ಎಲ್ಲ ಕೈಯ ಲೆಕ್ಕ, ಮೂಗಿನ ಲೆಕ್ಕ. ಇಷ್ಟೆಲ್ಲ ತಡೆದುಕೊಂಡು ನಿಲ್ಲುವವರು ಆ ಹೊತ್ತಿಗೆ ಕಡಿಮೆಯಾಗಿದ್ದರು. ನಾನು ನಿಲ್ಲುತ್ತಿದ್ದೆ. ಓದಿದ ಮೇಷ್ಟ್ರುಗಳು, ಬ್ಯಾಂಕಿನವರು, ಮನೆಯ ಯಜಮಾನರು, ಯಾರೇ ಬಂದರೂ ಅಡುಗೆಮನೆಯ ಹೊಸ್ತಿಲಾಚೆ ನಿಂತು ನನ್ನನ್ನು ಮಾತಾಡಿಸಬೇಕಿತ್ತು. ಒಳಗೆ ನಾನೇ ರಾಜ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬೇಕಾಗಿತ್ತು.

ನೋವು ಶುರುವಾದದ್ದು ಇಂಥ ದಿನವೇ ಅಂತ ಹೇಳಲು ಬರುವುದಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಾಘದ ಮದುವೆಗಳ ಸಾಲಿನಲ್ಲಿ ಮೊದಲು ಕತ್ತು ಹಿಡಿದುಕೊಂಡಿತು. ಬಾಣಲೆ ಎತ್ತಿದ್ದಕ್ಕೆ ಅಂದುಕೊಂಡೆ. ಅಲ್ಲಿಂದ ಹೆಗಲಿಗೆ, ಹೆಗಲಿಂದ ಸೊಂಟಕ್ಕೆ, ಮಂಡಿಗೆ ಇಳಿಯಿತು. ಕೊನೆಗೆ ಇಂಥ ಕಡೆ ಅನ್ನುವುದೇ ಹೋಗಿ ಮೈಯೆಲ್ಲ ಒಂದೇ ನೋವಾಯಿತು. ಬೆಳಗ್ಗೆ ಎದ್ದರೆ ಯಾರೋ ಒನಕೆಯಲ್ಲಿ ಕುಟ್ಟಿ ಮಲಗಿಸಿದ ಹಾಗೆ. ಮಲಗಿರುತ್ತಿದ್ದೆ, ಕಣ್ಣೂ ಮುಚ್ಚಿರುತ್ತಿತ್ತು, ನಿದ್ದೆ ಮಾತ್ರ ಆದ ಹಾಗಿರುತ್ತಿರಲಿಲ್ಲ. ಮಗಳು ಆಟವಾಡುತ್ತ ಬಂದು ಹೆಗಲಿಗೆ ಜೋತುಬಿದ್ದರೆ ಕೂಗಿಬಿಡುತ್ತಿದ್ದೆ. ಅವಳು ಕ್ರಮೇಣ ಹತ್ತಿರ ಬರುವುದನ್ನೇ ಬಿಟ್ಟಳು. ಅದರ ಜೊತೆಗೆ ಮರೆವು. ಕೊತ್ತಂಬರಿ ಬೀಜ ಹುರಿಯಲು ಹಾಕಿ, ನಾನು ಯಾಕೆ ಸೌಟು ಹಿಡಿದು ನಿಂತಿದ್ದೇನೆ ಅಂತ ಯೋಚಿಸುವ ಹಾಗಾಗುತ್ತಿತ್ತು.

ದಂಡಿಗನಹಳ್ಳಿ ಕಡೆಯವನೊಬ್ಬ ಮೊದಲಿಂದಲೂ ನನ್ನ ಜೊತೆಗೆ ಅಡುಗೆಗೆ ಬರುತ್ತಿದ್ದ. ನನಗಿಂತ ಸ್ವಲ್ಪ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. "ಏನಣ್ಣಯ್ಯ, ಸೌಟು ಹಿಡ್ಕೊಂಡು ತಪಸ್ಸಿಗೆ ನಿಂತ್ಯಾ? ವರ ಸಿಕ್ರೆ ನನಗೂ ಸ್ವಲ್ಪ ಕೇಳು" ಅನ್ನುತ್ತಿದ್ದ. ನಕ್ಕುಬಿಡುತ್ತಿದ್ದೆ. ಚಿಕ್ಕಪ್ಪನ ಹತ್ತಿರ ನಗುವುದಕ್ಕೂ ಆಗುತ್ತಿರಲಿಲ್ಲ. ಒಮ್ಮೆ ಬಾಯಿಬಿಟ್ಟು ಹೇಳಿದೆ.

"ನೋವಂತೆ ನೋವು! ನಮ್ಮ ಕಾಲದಲ್ಲಿ ನೋವು ಬರೋದಕ್ಕೆ ಪುರುಸೊತ್ತು ಎಲ್ಲಿತ್ತೋ? ಎರಡು ಕೊರಡು ಸೌದೆ ಒಡಿ, ಎಲ್ಲ ಇಳಿಯುತ್ತೆ."

"ಒಡೆದೇ ಬಂದೆ ಚಿಕ್ಕಪ್ಪ."

"ಹಾಗಾದ್ರೆ ಇನ್ನೆರಡು ಒಡಿ. ಮೈಗಳ್ಳತನಕ್ಕೆ ಔಷಧಿ ಅದೇ."

ಮೈಗಳ್ಳ! ಕೊಪ್ಪರಿಗೆಗಟ್ಟಲೆ ಅನ್ನವನ್ನು ಒಬ್ಬನೇ ಬಸಿದವನಿಗೆ ಆ ಮಾತು. ಅವತ್ತು ಊಟ ಸೇರಲಿಲ್ಲ.

ಹೆಂಡತಿ ಬಲವಂತ ಮಾಡಿ ಹಾಸನಕ್ಕೆ ಕರೆದುಕೊಂಡು ಹೋದಳು. ರಕ್ತ ತೆಗೆದರು, ಎಕ್ಸರೇ ತೆಗೆದರು, ಮತ್ತೆ ಬನ್ನಿ ಅಂದರು. ಮತ್ತೆ ಹೋದಾಗ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ನಾರ್ಮಲ್ ಇದೆ. ಯೋಚನೆ ಜಾಸ್ತಿ ಮಾಡ್ತೀರಾ?" ಅಂದರು. ಯೋಚನೆ ಮಾಡುವ ಅಭ್ಯಾಸ ಇದ್ದಿದ್ದರೆ ಸ್ಕೂಲು ಬಿಡುತ್ತಿದ್ದೆನೇ? ನೋವಿನ ಮಾತ್ರೆ ಬರೆದುಕೊಟ್ಟು, "ತಿಂಡಿ ಆದ ಮೇಲೆ ತಗೊಳಿ" ಅಂದರು. ಹೊರಗೆ ಬಂದರೆ ಹೆಂಡತಿಯ ಕಣ್ಣಲ್ಲಿ ನೀರು.

"ಏನೂ ಇಲ್ಲ ಅಂದ್ರಲ್ಲ, ಯಾಕೆ ಅಳ್ತೀಯ?"

"ಏನಾದ್ರೂ ಒಂದು ಸಿಕ್ಕಿದ್ರೆ ಸಾಕಾಗಿತ್ತು ಕಣ್ರೀ. ಏನೂ ಇಲ್ಲ ಅಂದ್ರೆ ಏನಕ್ಕೆ ಅಂತ ಔಷಧಿ ಮಾಡೋದು?"

ಮನುಷ್ಯ ತನಗೊಂದು ರೋಗ ಸಿಗಲಿ ಅಂತ ದೇವರಲ್ಲಿ ಬೇಡಿಕೊಳ್ಳುವ ಸ್ಥಿತಿ ಬರಬಾರದು. ನಾವು ಗಂಡ ಹೆಂಡತಿ ಇಬ್ಬರೂ ಬೇಡಿಕೊಂಡೆವು. ಒಬ್ಬರು ವಾತ ಅಂದರು, ಒಬ್ಬರು ಗ್ಯಾಸು, ಇನ್ನೊಬ್ಬರು ನರದ ದೌರ್ಬಲ್ಯ. ಪ್ರತಿಯೊಬ್ಬರೂ ಅವರವರ ಔಷಧಿ ಕೊಟ್ಟರು. ಹೊಳೆನರಸೀಪುರದಲ್ಲೇ ಇದ್ದ ಆಯುರ್ವೇದದ ವೈದ್ಯರು ಕಷಾಯ, ತೈಲ ಕೊಟ್ಟು ಪಥ್ಯ ಹೇಳಿದರು. ಹುಣಸೆಹುಳಿ ಕೂಡದು, ಬದನೆಕಾಯಿ ಕೂಡದು, ಆಲೂಗೆಡ್ಡೆ ಕೂಡದು, ಎಲ್ಲಕ್ಕಿಂತ ಮುಖ್ಯ ಇಂಗ್ಲಿಷ್ ಮಾತ್ರೆ ಕೂಡದು. ಹಾಸನದ ಡಾಕ್ಟರು ಕಷಾಯ ಬಿಡಿ ಅಂದಿದ್ದರು. ಅವರ ಔಷಧಿ ನಡೆಯುವಾಗ ಇವರದು ನಿಲ್ಲಿಸಬೇಕು, ಇವರದು ನಡೆಯುವಾಗ ಅವರದು. ನಾನು ಅಪ್ಪಣೆ ಮೀರುವವನಲ್ಲ. ಒಂದನ್ನು ಬಿಟ್ಟು ಒಂದನ್ನು ಹಿಡಿದೆ, ಹಿಡಿದದ್ದು ಒಗ್ಗುವಷ್ಟರಲ್ಲಿ ಅದನ್ನೂ ಬಿಟ್ಟೆ. ಹೀಗೆ ವರ್ಷಗಳು ಹೋದವು. ಯಾವುದೂ ಪೂರ್ತಿ ಕೈಹಿಡಿಯಲಿಲ್ಲ, ಯಾವುದನ್ನೂ ಪೂರ್ತಿ ನಂಬಲು ಆಗಲಿಲ್ಲ.

ಅರಕಲಗೂಡಿನ ಆಚೆ ಒಂದು ಹಳ್ಳಿಯಲ್ಲಿ ಮೈ ಉಜ್ಜುವ ಗೌಡರೊಬ್ಬರಿದ್ದಾರೆ ಅಂತ ಯಾರೋ ಬಸ್ಸಿನಲ್ಲಿ ಹೇಳಿದರು. ವಯಸ್ಸಿನಲ್ಲಿ ಗರಡಿಯಲ್ಲಿ ಸಾಧನೆ ಮಾಡಿದ ಆಳು, ಈಗ ಬೇಸಾಯ, ನಡುವೆ ಉಳುಕು ತೆಗೆಯುವುದು, ಎಣ್ಣೆ ಹಾಕಿ ತಿಕ್ಕುವುದು. ಹೋದೆ. ಹಟ್ಟಿಯ ಮುಂದೆ ಚಾಪೆ ಹಾಸಿದರು.

"ಬನ್ನಿ ಅಯ್ನೋರೆ, ಕುಂತ್ಕಳಿ. ಎಲ್ಲಿ ನೋವು?"

"ಎಲ್ಲಿಲ್ಲ ಅಂತ ಕೇಳಿ ಗೌಡ್ರೇ, ಬೇಗ ಹೇಳ್ತೀನಿ."

"ಅಂಗಾರೆ ಮನಿಕ್ಕಳಿ. ನಾನೇ ಉಡುಕ್ತೀನಿ."

ಹರಳೆಣ್ಣೆ ಕಾಯಿಸಿ ಹಚ್ಚಿದರು. ಲಕ್ಕಿಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಹೆಂಚಿನ ಮೇಲೆ ಬಿಸಿ ಮಾಡಿ ಬೆನ್ನಿಗೆ ಒತ್ತಿದರು. ತಿಕ್ಕುವಾಗ ಪ್ರಾಣ ಹೋಗುವಷ್ಟು ನೋವಾದರೂ ಎದ್ದಾಗ ಮೈ ಹಗುರವಾಗಿತ್ತು. ಎಷ್ಟೋ ಕಾಲದ ಮೇಲೆ ಕತ್ತು ತಿರುಗಿಸಿ ಹಿಂದಿನ ಬೇಲಿ ನೋಡಿದೆ. ಒಂದು ಪುಡಿಯನ್ನೂ ಕಟ್ಟಿಕೊಟ್ಟರು. ಯಾರೋ ಸಾಧುಗಳು ಹೇಳಿಕೊಟ್ಟದ್ದಂತೆ. ಬಸ್ಸು ಹತ್ತುವಾಗ ಕಣ್ಣು ತುಂಬಿತ್ತು, ಇನ್ನು ನಾನು ಬದುಕಿದೆ ಅಂದುಕೊಂಡಿದ್ದೆ. ಮಾರನೇ ದಿನ ಹಳೇಕೋಟೆಯಲ್ಲಿ ಮುಂಜಿ. ಎಣ್ಣೆ ಮೈಯಲ್ಲಿ, ಇನ್ನೊಬ್ಬರು ಮುಟ್ಟಿದ ಮೈಯಲ್ಲಿ, ಮಡಿಯ ಒಲೆ ಹತ್ತಿರ ಹೋಗುವಂತಿಲ್ಲ. ಬಾವಿಕಟ್ಟೆಯ ಮೇಲೆ ಕೂತು ಕೊಡಗಟ್ಟಲೆ ತಣ್ಣೀರು ಹೊಯ್ದುಕೊಂಡೆ. ಒದ್ದೆ ಪಂಚೆ ಉಟ್ಟೆ. ಬಿಸಿಲೇರುವುದರೊಳಗೆ ನೋವು ಹೋದ ದಾರಿಯಲ್ಲೇ ವಾಪಸು ಬಂದಿತ್ತು.

ಮತ್ತೆ ಹೋದೆ. ಮತ್ತೆ ಹಾಗೇ ಆಯಿತು. ಹೀಗೆ ಹೋಗಿ ಬಂದು ಮಾಡುತ್ತಿರುವಾಗ ಒಂದು ಸಲ ಗೌಡರು ಕೈ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಅಲ್ಲಾ ಅಯ್ನೋರೆ, ನಾನಿಲ್ಲಿ ಬೆಂಕಿ ಆಕ್ತೀನಿ, ನೀವ್ ಅಲ್ಲೋಗಿ ನೀರ್ ಉಯ್ಕತೀರಿ. ಎಂಗೆ ವಾಸಿಯಾದಾತು?"

"ಏನ್ಮಾಡ್ಲಿ ಗೌಡ್ರೇ, ಮಡಿ."

"ಮಡಿ ದೇವ್ರಿಗಲ್ವಾ? ನೀವ್ ಬಿಸ್ನೀರ್ ಉಯ್ಕಂಡ್ರೆ ದೇವ್ರಿಗೆ ಬೊಬ್ಬೆ ಬಂದಾತಾ?"

ಅವರ ಹೆಂಡತಿ ಒಳಗಿಂದ ಕಿಸಕ್ಕೆಂದು ನಕ್ಕರು. ನನಗೆ ಸಿಟ್ಟು ಬಂತು. ಅವರು ಮುಟ್ಟಿದ್ದರಿಂದಲೇ ನಾನು ಮತ್ತೆ ಮುಳುಗಬೇಕಾಗಿತ್ತು ಅನ್ನುವುದು ಅವರಿಗೂ ಗೊತ್ತಿತ್ತು. ಆ ಮಾತನ್ನು ಅವರು ಎತ್ತಲಿಲ್ಲ, ನೀರಿನ ಮಾತು ಮಾತ್ರ ಎತ್ತಿದರು. ನನ್ನ ಮರ್ಯಾದೆ ಕಾಪಾಡಿದ್ದು ಅವರು ಅಂತ ಹೊಳೆಯುವುದಕ್ಕೆ ನನಗೆ ಬಹಳ ಕಾಲ ಬೇಕಾಯಿತು.

ಮಾತ್ರೆಯದೂ ಇದೇ ಕಥೆ. ತಿಂಡಿ ಆದ ಮೇಲೆ ತಗೊಳ್ಳಬೇಕು ಅಂದರೆ ನನಗೆ ತಿಂಡಿಯೇ ಇಲ್ಲ. ನೈವೇದ್ಯ ಆಗಿ ಎಲೆ ಹಾಕುವಷ್ಟರಲ್ಲಿ ಮಧ್ಯಾಹ್ನ ಜಾರಿರುತ್ತಿತ್ತು. ಪರಿಚಯದ ಪುರೋಹಿತರೊಬ್ಬರನ್ನು ಕೇಳಿದೆ, ಮಡಿಯಲ್ಲಿರುವಾಗ ಮಾತ್ರೆ ನುಂಗಬಹುದಾ ಅಂತ. "ಔಷಧಿಗೆ ದೋಷವಿಲ್ಲ ಕಣಯ್ಯ, ಧಾರಾಳವಾಗಿ ನುಂಗು" ಅಂದರು. ಮಾತ್ರೆಗೆ ದೋಷವಿಲ್ಲ ಅಂದರು, ಇಡ್ಲಿಗೂ ಇಲ್ಲ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಅವತ್ತಿನಿಂದ ಬರಿಹೊಟ್ಟೆಗೆ ಮಾತ್ರೆ ನುಂಗುವುದು ಶುರು ಮಾಡಿದೆ. ಶಾಸ್ತ್ರಕ್ಕೂ ಡಾಕ್ಟರಿಗೂ ಇಬ್ಬರಿಗೂ ತಲೆಬಾಗಿದ್ದೇನೆ ಅಂದುಕೊಂಡಿದ್ದೆ.

ಎರಡು ಸಾವಿರ ಇಸವಿ ದಾಟಿದ ಮೇಲೆ, ಚನ್ನರಾಯಪಟ್ಟಣದ ಒಂದು ದೊಡ್ಡ ಮನೆತನದಲ್ಲಿ ಮದುವೆ ಗೊತ್ತಾಯಿತು. ಚಿಕ್ಕಪ್ಪ ವಯಸ್ಸಾಗಿ ಒಲೆ ಬಿಟ್ಟಿದ್ದರು. ಆ ಮನೆಯವರಿಗೆ ನನ್ನ ಹೆಸರು ಹೇಳಿದ್ದು ಅವರೇ. "ಒಳಗಡೆ ನಮ್ಮ ಹುಡುಗ ನಿಲ್ತಾನೆ, ಯೋಚನೆ ಮಾಡ್ಬೇಡಿ" ಅಂದಿದ್ದರಂತೆ. ಅಷ್ಟು ಹೊತ್ತಿಗೆ ನನ್ನ ತಂಡದ ಕೆಲವರು ಬೇರೆ ಕಡೆ ಹೋಗಲು ಶುರು ಮಾಡಿದ್ದರು. ಅಣ್ಣಯ್ಯನ ಕೈ ಬಿದ್ದುಹೋಗಿದೆ ಅನ್ನುವ ಮಾತು ಹಿರೀಸಾವೆಯ ಹೋಟೆಲುಗಳ ತನಕ ಹೋಗಿತ್ತು. ಈ ಮದುವೆಯಲ್ಲಿ ಜಾರಿದರೆ ಒಳಗಿನ ಒಲೆ ಇನ್ನು ನನ್ನದಲ್ಲ ಅಂತ ಗೊತ್ತಿತ್ತು. ಅದಕ್ಕೇ, ಇಷ್ಟು ವರ್ಷ ಒಂದನ್ನು ಬಿಟ್ಟು ಒಂದನ್ನು ಮಾಡಿದ್ದವನು, ಈ ಸಲ ಎಲ್ಲವನ್ನೂ ಒಟ್ಟಿಗೆ ಮಾಡಿಬಿಡೋಣ ಅಂತ ತೀರ್ಮಾನಿಸಿದೆ. ಹಿಂದಿನ ದಿನ ಅರಕಲಗೂಡಿಗೆ ಹೋಗಿ ತಿಕ್ಕಿಸಿಕೊಂಡು ಬಂದೆ. ಬೆಳಗ್ಗೆ ತಣ್ಣೀರು. ಅದರ ಮೇಲೆ ಕಷಾಯ, ಗೌಡರ ಪುಡಿ, ಅದರ ಮೇಲೆ ನೋವಿನ ಮಾತ್ರೆ. ನೋವು ಬಗ್ಗದೆ ಇದ್ದಾಗ ಇನ್ನೊಂದು ಮಾತ್ರೆ. ಪಥ್ಯಗಳೆಲ್ಲ ಒಂದನ್ನೊಂದು ತಿಂದುಕೊಳ್ಳಲಿ, ನಾನು ನೈವೇದ್ಯದ ತನಕ ನಿಂತರೆ ಸಾಕು ಅಂದುಕೊಂಡೆ.

ನಿಂತೆ. ಅದನ್ನು ನಿಲ್ಲುವುದು ಅನ್ನುವುದಾದರೆ. ಹೊಟ್ಟೆಯಲ್ಲಿ ಒಲೆಗಿಂತ ಜೋರಾಗಿ ಉರಿಯುತ್ತಿತ್ತು, ತಲೆ ಒಂದು ಕಡೆ, ಕೈ ಒಂದು ಕಡೆ. ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಅನ್ನುವುದು ಮರೆತುಹೋಯಿತು. ನೋಡೋಣ ಅಂದರೆ ನಾಲಿಗೆಗೆ ತಾಕಿಸುವ ಹಾಗಿಲ್ಲ. ಜೊತೆಯ ದಂಡಿಗನಹಳ್ಳಿಯವನು ಹೊರಗಿನ ಅಡುಗೆಯಲ್ಲಿದ್ದ, ಕೇಳುವುದಕ್ಕೆ ಒಳಗೆ ಯಾರೂ ಇಲ್ಲ. ಮೂಗಿನ ಹತ್ತಿರ ಹಿಡಿದು ನೋಡಿದೆ, ಮೂಗೂ ಮಂಕಾಗಿತ್ತು. ಉಪ್ಪಿಲ್ಲದೆ ದೇವರಿಗೆ ಇಡುವುದಕ್ಕಿಂತ ಇದೇ ವಾಸಿ ಅಂತ ಒಂದು ಹಿಡಿ ಹಾಕಿದೆ.

ನೈವೇದ್ಯ ಆಯಿತು. ಪುರೋಹಿತರು, ಹಿರಿಯರು ಎಲೆಗೆ ಕೂತರು. ಊಟಕ್ಕೆ ಮುಂಚೆ ಅಂಗೈ ನೀರಿನ ಆಪೋಶನ ತಗೊಂಡು ಹುಳಿಯನ್ನ ಕಲಸಿ ಬಾಯಿಗಿಟ್ಟ ಒಬ್ಬ ಮುದುಕರು ಕೈ ತಡೆದರು. ಪಕ್ಕದವರ ಮುಖ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಡುಗೆ ಭಟ್ರೇ, ರಾಮೇಶ್ವರಕ್ಕೆ ಹೋಗ್ಬೇಕು ಅಂತ ಆಸೆ ಇತ್ತು. ಸಮುದ್ರ ಇಲ್ಲಿಗೇ ಬಂತಲ್ಲ!"

ಪಂಕ್ತಿಯೆಲ್ಲ ನಕ್ಕಿತು. ನಗದೆ ಇದ್ದವರು ಚಿಕ್ಕಪ್ಪ ಒಬ್ಬರೇ. ಎಲೆಯ ಮುಂದೆ ಹಾಗೇ ಕೂತು, ಯಾರಿಗೂ ಕೇಳದ ಹಾಗೆ ಮೆತ್ತಗೆ ಅಂದರು, "ಕೈ ಹೋಯ್ತು ಕಣೋ ನಿಂದು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹಿತ್ತಿಲಿಗೆ ಹೋಗಿ ಗೋಡೆ ಹಿಡಿದು ನಿಂತೆ. ವಾಂತಿಯಾಯಿತು. ಕಾಫಿ ಗಸಿಯ ಬಣ್ಣ. ಜೊತೆಯವನು ಅದನ್ನು ನೋಡಿದವನೇ, "ಅಣ್ಣಯ್ಯ, ಇದು ಕಾಫಿ ಅಲ್ಲ. ನೀನು ಕಾಫೀನೇ ಕುಡಿದಿಲ್ಲ" ಅಂದ. ತಮಾಷೆಗೆ ಅಂದದ್ದಲ್ಲ. ಕಾರು ಮಾಡಿಕೊಂಡು ಹಾಸನಕ್ಕೆ ಕರೆದುಕೊಂಡು ಹೋದ.

ಆಸ್ಪತ್ರೆಯಲ್ಲಿ ಹೊಟ್ಟೆ ಹುಣ್ಣಾಗಿ ರಕ್ತ ಹೋಗಿದೆ ಅಂದರು. ನಾಲ್ಕಾರು ದಿನ ಮಲಗಿಸಿದರು. ಹೊಟ್ಟೆ ಒಂದು ಹದಕ್ಕೆ ಬಂದ ಮೇಲೆ ಒಬ್ಬ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅಲ್ಲಿಯ ತನಕ ನನ್ನ ಮುಂದೆ ಯಾವ ಡಾಕ್ಟರೂ ಹಾಗೆ ಕೂತಿರಲಿಲ್ಲ. ಯಾಕೆ ಇಷ್ಟು ನೋವಿನ ಮಾತ್ರೆ ತಗೊಂಡಿರಿ ಅಂದರು. ಎಲ್ಲ ಹೇಳಿದೆ. ಕತ್ತಿನ ಬುಡ, ಹೆಗಲು, ಮೊಣಕೈ, ಸೊಂಟ, ಮಂಡಿ ಅಂತ ಬೆರಳಿಂದ ಒತ್ತುತ್ತ ಹೋದರು. ಒತ್ತಿದ ಕಡೆಯೆಲ್ಲ ನಾನು ಹಲ್ಲು ಕಚ್ಚಿದೆ.

"ನೋವಾದ್ರೆ ನೋವು ಅನ್ನಿ. ಇಲ್ಲಿ ಯಾರಿಗೂ ಶೌರ್ಯ ತೋರಿಸ್ಬೇಕಾಗಿಲ್ಲ" ಅಂದರು. "ನಿದ್ದೆ ಹೇಗೆ? ಎದ್ದಾಗ ಸುಸ್ತಾಗಿರುತ್ತಾ? ಮರೆವು?"

ಒಂದೊಂದಕ್ಕೂ ಹೌದು ಅನ್ನುತ್ತ ಹೋದೆ. ಹೆಂಡತಿ ಮಂಚದ ಕಂಬಿ ಹಿಡಿದು ನಿಂತಿದ್ದಳು.

"ಇದಕ್ಕೆ ಹೆಸರಿದೆ. ಫೈಬ್ರೊಮಯಾಲ್ಜಿಯ ಅಂತಾರೆ. ಎಕ್ಸರೇಲಿ ಕಾಣಲ್ಲ. ಹಾಗಂತ ಸುಳ್ಳಲ್ಲ. ನಿಮಗೆ ನೋವಿದೆ."

ಆ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ನೆಟ್ಟಗೆ ತಿರುಗುವುದಿಲ್ಲ. ಆದರೆ "ನಿಮಗೆ ನೋವಿದೆ" ಅನ್ನುವ ಮಾತು! ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು. ವಾಸಿ ಆಗುತ್ತಾ ಅಂತ ಕೇಳಿದೆ. "ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ" ಅಂದರು. ಅಷ್ಟು ವರ್ಷ ಎಲ್ಲರೂ ವಾಸಿಮಾಡುತ್ತೇನೆ ಅಂದಿದ್ದರು. ಮಾಡಲ್ಲ ಅಂದವರು ಇವರೇ ಮೊದಲು.

ಹೆಂಡತಿ ಕಣ್ಣೊರೆಸಿಕೊಂಡು ಒಳಗೆ ಬಂದ ಮೇಲೆ ಅವರು ಬಿಡಿಸಿ ಹೇಳಿದರು. ಇದಕ್ಕೆ ಒಂದೇ ಮದ್ದು ಅಂತ ಇಲ್ಲ. ಮಲಗುವಾಗ ಒಂದು ಸಣ್ಣ ಮಾತ್ರೆ, ನಿದ್ದೆಗೂ ನೋವಿಗೂ. ಬಿಸಿನೀರು, ಶಾಖ. ದಿನಾ ನಡಿಗೆ, ಮೊದಲು ಸ್ವಲ್ಪ, ಆಮೇಲೆ ಸ್ವಲ್ಪ ಜಾಸ್ತಿ. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಮಲಗುವುದು. ಉಸಿರಾಟದ ಅಭ್ಯಾಸ. ತೈಲ ಹಚ್ಚಿಕೊಳ್ಳಿ, ಅಭ್ಯಂತರವಿಲ್ಲ. ಆ ಗೌಡರು ಮೆತ್ತಗೆ ಉಜ್ಜುವುದಾದರೆ ಉಜ್ಜಿಸಿಕೊಳ್ಳಿ. ಕಷಾಯ ಏನೇನು ಅಂತ ವೈದ್ಯರಿಂದ ಬರೆಸಿಕೊಂಡು ಬನ್ನಿ, ನೋಡಿ ಹೇಳುತ್ತೇನೆ. ಪುಡಿ ಮಾತ್ರ ಬೇಡವೇ ಬೇಡ, ಅದರಲ್ಲಿ ಏನಿದೆಯೋ ಕೊಟ್ಟವರಿಗೇ ಗೊತ್ತಿಲ್ಲ. "ಒಂದೊಂದರಿಂದ ಒಂದಿಷ್ಟು ಗುಣ. ಎಲ್ಲ ಸೇರಿದ್ರೆ ಎದ್ದು ಓಡಾಡ್ಕೊಂಡು ಇರಬಹುದು. ಆದ್ರೆ ನೀವು ಮಾಡಿದ ಹಾಗೆ ಎಲ್ಲಾ ಒಂದೇ ದಿನ ಬಾಯಿಗೆ ಸುರ್ಕೊಳೋದಲ್ಲ."

"ಸರಿ ಮೇಡಂ."

"ತಣ್ಣೀರು ಸ್ನಾನ ಬಿಡಬೇಕು. ಒದ್ದೆ ಬಟ್ಟೆ ಉಡಕೂಡದು. ಇನ್ನು ಬರಿಹೊಟ್ಟೇಲಿ ಮಧ್ಯಾಹ್ನದ ತನಕ ನಿಂತ್ರೆ ಮತ್ತೆ ಇದೇ ಮಂಚಕ್ಕೆ ಬರ್ತೀರಿ."

"ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ" ಅಂದೆ. ಬೇಡಿಕೊಂಡೆ ಅನ್ನುವುದೇ ಸರಿ. ಅವರು ಹೆಂಡತಿಯ ಮುಖ ನೋಡಿ ಎದ್ದು ಹೋದರು.

ಊರಿಗೆ ಬಂದ ಮೇಲಿನ ತಿಂಗಳುಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ಒಳ್ಳೆಯದಾಗುತ್ತಾ ಹೋಯಿತು ಅಂತ ಬರೆದರೆ ಚೆನ್ನಾಗಿರುತ್ತದೆ, ಹಾಗೆ ಆಗಲಿಲ್ಲ. ಮಾತ್ರೆಯಿಂದ ಮೊದಮೊದಲು ಹಗಲೆಲ್ಲ ಮಂಪರು, ಬಾಯಿ ಒಣಗುವುದು. ಹೊಳೆಯ ದಡದಲ್ಲಿ ಸ್ವಲ್ಪ ದೂರ ನಡೆಯಿರಿ ಅಂದಿದ್ದರೆ, ಸ್ವಲ್ಪ ದೂರ ನಡೆಯುವವನು ಎಂಥ ಗಂಡಸು ಅಂತ ಸೇತುವೆ ದಾಟಿ ಹೋಗಿಬಂದು ಎರಡು ದಿನ ಮೇಲೇಳಲಿಲ್ಲ. ಹೆಂಡತಿ ಉಪ್ಪನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಳು. "ಇದನ್ನಾದ್ರೂ ಸರಿಯಾಗಿ ಮಾಡ್ಸ್ಕೊಳಿ. ದೊಡ್ಡ ಭೀಮ ನೀವು" ಅಂತ ಗೊಣಗುತ್ತಿದ್ದಳು. ಮನೆಯ ಮುಂದೆ ಕರೆಯಲು ಬರುವವರು ನಿಂತೇ ಹೋದರು. ಜೊತೆಯವನೇ ಈಗ ತಂಡ ಕಟ್ಟಿಕೊಂಡು ಓಡಾಡುತ್ತಿದ್ದ. ಅವನು ಬಂದು ಕಾಫಿ ಕುಡಿದು ಹೋದ ದಿನ ನನಗೆ ಹೆಚ್ಚು ನೋವಾಗುತ್ತಿತ್ತು.

ಒಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದೆ. ನೀರು ತುಂಬಿ ಹೋಗುತ್ತಿತ್ತು. ಬರಬಾರದ ಯೋಚನೆ ಬಂತು. ಬಂದದ್ದು ಹೆದರಿಕೆಯಾಗಿ ಅಲ್ಲ, ಸಮಾಧಾನದ ಹಾಗೆ ಬಂತು, ಅದಕ್ಕೇ ಹೆದರಿದೆ. ಬೇಗ ಬೇಗ ಮನೆಗೆ ಬಂದು ಹೆಂಡತಿಗೆ ಹೇಳಿಬಿಟ್ಟೆ. ಮದುವೆಯಾದಾಗಿನಿಂದ ಅವಳ ಮುಂದೆ ಅಷ್ಟು ಸಣ್ಣವನಾಗಿ ಕೂತಿರಲಿಲ್ಲ. ಅವಳು ಬೈಯಲಿಲ್ಲ, ಅಳಲಿಲ್ಲ. ಮಾರನೇ ದಿನದಿಂದ ನಡೆಯಲು ಹೊರಟಾಗ ಚಪ್ಪಲಿ ಮೆಟ್ಟಿಕೊಂಡು ಅವಳೂ ಬಂದಳು. ಮುಂದಿನ ಸಲ ಹಾಸನಕ್ಕೆ ಹೋದಾಗ ಅವಳೇ ಡಾಕ್ಟರಮ್ಮನಿಗೆ ಅದನ್ನೂ ಹೇಳಿದಳು. ಅವರು ನನ್ನ ಜೊತೆ ಬಹಳ ಹೊತ್ತು ಮಾತಾಡಿದರು, ಮತ್ತೆ ಬೇಗ ಬರಹೇಳಿದರು.

ಅರಕಲಗೂಡಿಗೂ ಹೋದೆ. ಮೆತ್ತಗೆ ತಿಕ್ಕಬೇಕಂತೆ ಅಂದರೆ ಗೌಡರಿಗೆ ಅವಮಾನವಾಯಿತು.

"ಮೆತ್ಗೆ ಅಂದ್ರೆ? ಮಗೀಗ್ ಎಣ್ಣೆ ಅಚ್ಚಿದಂಗಾ?"

"ಹೂಂ ಗೌಡ್ರೇ, ಹಾಗೇ."

"ನನ್ನ ಕೈಗೆ ಅದು ಬರಾಕಿಲ್ಲ ಕಣಿ" ಅಂದವರು, ತಮ್ಮ ಹೆಂಡತಿ ಮೊಮ್ಮಗುವಿಗೆ ಎಣ್ಣೆ ಹಚ್ಚುವುದನ್ನು ಹತ್ತಿರ ಕೂತು ನೋಡಿ ಕಲಿತರು. ಪುಡಿ ಬೇಡ ಅಂದಾಗ ಮುಖ ಸಣ್ಣ ಮಾಡಿಕೊಂಡರು, ಒತ್ತಾಯ ಮಾಡಲಿಲ್ಲ. ತಿಕ್ಕಿಸಿಕೊಂಡು ಬಂದ ಮೇಲೆ ಹಂಡೆಯ ಬಿಸಿನೀರಲ್ಲೇ ಸ್ನಾನ ಮಾಡಿದೆ. ಆ ಹಗುರ ಮಾರನೇ ದಿನದ ತನಕ ಉಳಿಯಿತು. ನೋವು ಹೋಗಲಿಲ್ಲ. ಆದರೆ ಎಲ್ಲವನ್ನೂ ಬಿಡದೆ, ಅತಿ ಮಾಡದೆ ನಡೆಸಿದ ವಾರಗಳಲ್ಲಿ ಒಳ್ಳೆಯ ದಿನಗಳು ಸಿಗತೊಡಗಿದವು. ಒಂದನ್ನು ತಪ್ಪಿಸಿದರೂ ಮೈ ಕೂಡಲೇ ಹೇಳುತ್ತಿತ್ತು.

ಹೀಗಿರುವಾಗ ಚಿಕ್ಕಪ್ಪನೇ ನಮ್ಮ ಮನೆಗೆ ಬಂದರು. ಮೊಮ್ಮಗಳ ಮದುವೆ, ಚನ್ನರಾಯಪಟ್ಟಣದಲ್ಲೇ. ಕಾಫಿ ಕುಡಿದು, ಕೆಮ್ಮಿ, ಗೋಡೆಯ ಕಡೆ ನೋಡುತ್ತ ಅಂದರು, "ಒಳಗಡೆ ನೀನೇ ನಿಂತ್ಕೋಬೇಕು. ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡ." ಅವರು ಕ್ಷಮೆ ಕೇಳುವುದು ಅಂದರೆ ಅಷ್ಟೇ. ಹೂಂ ಅಂದುಬಿಟ್ಟೆ. ಕಳೆದುಹೋದದ್ದು ತಾನಾಗಿ ಬಾಗಿಲಿಗೆ ಬಂದಿತ್ತು. ಹೆಂಡತಿ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಮದುವೆಯ ಬೆಳಗ್ಗೆ ಛತ್ರದ ಹಿಂದೆ ಬಾವಿಯ ಹತ್ತಿರ ನನಗಾಗಿ ಕೊಡಪಾನ ಇಟ್ಟಿದ್ದರು. ಕೋಲಿನ ಮೇಲೆ ಪಂಚೆ ಇತ್ತು. ಹತ್ತಿರ ಹೋಗಿ ನಿಂತೆ. ಹಗ್ಗಕ್ಕೆ ಕೈ ಹಾಕಿದೆ. ಒಂದೇ ಒಂದು ದಿನ, ಚಿಕ್ಕಪ್ಪನಿಗೋಸ್ಕರ, ಅಂದಿತು ಮನಸ್ಸು. ಒಂದೇ ಒಂದು ದಿನ ಅಂತ ಎಷ್ಟು ಸಲ ಅಂದುಕೊಂಡಿದ್ದೆ! ಹಗ್ಗ ಬಿಟ್ಟೆ. ಹೊರಗಿನ ಅಡುಗೆಯ ಒಲೆಯ ಮೇಲೆ ಕಾಯುತ್ತಿದ್ದ ಬಿಸಿನೀರು ತೋಡಿಕೊಂಡು ಸ್ನಾನ ಮಾಡಿದೆ. ಒಣಗಿದ ಪಂಚೆ ಉಟ್ಟೆ. ಜೊತೆಯವನು ಕೆಲಸದವರಿಗೆ ಬೇಯಿಸಿದ್ದ ಇಡ್ಲಿಯಲ್ಲಿ ಎರಡು ಹಾಕಿಸಿಕೊಂಡು ಅಲ್ಲೇ ಕೂತು ತಿಂದೆ. ಅವನು ಚಟ್ನಿ ಬಡಿಸಿದ. ಕೈ ತೊಳೆದು ಚಿಕ್ಕಪ್ಪನ ಹತ್ತಿರ ಹೋದೆ. ಅವರು ಒಳಗಿನ ಅಡುಗೆಮನೆಯ ಬಾಗಿಲಲ್ಲಿ ರಂಗೋಲಿ ಹಾಕಿಸುತ್ತಿದ್ದರು.

"ಚಿಕ್ಕಪ್ಪ, ನಾನು ತಿಂದಿದ್ದೀನಿ. ಸ್ನಾನ ಮಾಡಿದ್ದು ಬಿಸಿನೀರಲ್ಲಿ."

ಅವರು ನನ್ನನ್ನು ನೋಡುತ್ತ ನಿಂತರು. ಏನೋ ಹೇಳುತ್ತಾರೆ, ಇಷ್ಟು ವರ್ಷದ ಮೇಲೆ ಒಳಗೆ ಬಾ ಅನ್ನುತ್ತಾರೆ ಅಂತ ಒಂದು ಕ್ಷಣ ಆಸೆಪಟ್ಟೆ. ಪಟ್ಟದ್ದು ನಿಜ.

"ಹಾಗಾದ್ರೆ ಹೊರಗಡೆ ನೋಡ್ಕೋ" ಅಂದರು. ಸಿಟ್ಟಿರಲಿಲ್ಲ. ದನಿ ಬಿದ್ದುಹೋಗಿತ್ತು. ಜೊತೆಯವನನ್ನು ಕೂಗಿ, ನೀನಿನ್ನೂ ತಿಂದಿಲ್ಲವಲ್ಲ, ತಣ್ಣೀರು ಹೊಯ್ದುಕೊಂಡು ಒಳಗೆ ಬಾ ಅಂದರು. ಅವನು ನನ್ನ ಮುಖ ನೋಡಿದ. "ಹೋಗೋ, ಹೊತ್ತಾಗುತ್ತೆ" ಅಂದೆ.

ಹೊರಗಿನ ಅಡುಗೆಯಲ್ಲಿ ರುಚಿ ನೋಡಬಹುದು, ಸುಸ್ತಾದರೆ ಕುರ್ಚಿ ಹಾಕಿಕೊಳ್ಳಬಹುದು. ಎರಡನ್ನೂ ಮಾಡಿದೆ. ಕುರ್ಚಿ ತರಿಸಿದಾಗ ಕಿವಿ ಬಿಸಿಯಾಯಿತು. ಊಟ ಮಾಡಿದವರು ಸಾರು ಚೆನ್ನಾಗಿದೆ ಅಂತ ಹೇಳಿ ಹೋದರು. ಹೊರಗಿನ ಅಡುಗೆ ಯಾರು ಮಾಡಿದರು ಅಂತ ಯಾರೂ ಕೇಳುವುದಿಲ್ಲ, ಅವತ್ತೂ ಕೇಳಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ ಬಲಗಡೆಯ ಹೆಗಲು ಸಿಡಿಯುತ್ತಿತ್ತು. ಹೆಂಡತಿ ಕೇಳಿದಳು, "ಬಹಳ ನೋವಾ?"

"ಹೂಂ" ಅಂದೆ. "ಆದ್ರೂ ನಾಳೆ ಎದ್ದೇಳ್ತೀನಿ."